‘ಬೇಡ ಸಾರ್’ ಎನ್ನಲು ಜಾಗವಿರುವ ತಂಡ

2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯ ರನ್‌ವೇಯಲ್ಲಿ ನಿಲ್ಲಲಾರದೆ, ಗುಡ್ಡದಂಚು ದಾಟಿ ಕಮರಿಗೆ ಉರುಳಿ ಹೊತ್ತಿ ಉರಿಯಿತು. ಒಳಗಿದ್ದ 166 ಜನರಲ್ಲಿ ಬದುಕಿ ಹೊರಬಂದವರು ಎಂಟು ಮಂದಿ. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನದ ಗಾಯ ಇನ್ನೂ ಮಾಗಿಲ್ಲ. ಮಳೆಯಿರಲಿಲ್ಲ, ಬಿರುಗಾಳಿಯಿರಲಿಲ್ಲ, ಯಂತ್ರವೂ ಕೈಕೊಟ್ಟಿರಲಿಲ್ಲ. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು, ಆತುರಾತುರವಾಗಿ ಕೆಳಗಿಳಿಯಿತು. 8,000 ಅಡಿಗಿಂತ ತುಸು ಉದ್ದವಿದ್ದ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು.

ತನಿಖಾ ನ್ಯಾಯಾಲಯದ ವರದಿ ನೇರ ಕಾರಣವನ್ನು ಹೀಗೆ ಗುರುತಿಸಿತು: ಇಳಿಯುವ ಕ್ರಮ ಹದ ತಪ್ಪಿದೆ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಎಚ್ಚರಿಕೆಯ ಯಂತ್ರವೂ ಹಲವು ಸಲ ಕೂಗಿತ್ತು. ಕ್ಯಾಪ್ಟನ್ ಎರಡಕ್ಕೂ ಮಣಿಯದೆ ಇಳಿಸಲು ಹೊರಟರು. ಕ್ಯಾಪ್ಟನ್ ಪಯಣದ ಬಹುಭಾಗ ನಿದ್ದೆಯಲ್ಲಿದ್ದುದು ಮತ್ತು ಎದ್ದ ಮೇಲಿನ ಮಂಪರು ಕೂಡ ವರದಿಯಲ್ಲಿದೆ. ಅದೇ ವರದಿಯ ಇನ್ನೊಂದು ಮಾತು ಅಷ್ಟಾಗಿ ಸುದ್ದಿಯಾಗಲಿಲ್ಲ. ಇಳಿಯುವುದನ್ನು ತಾನೇ ಕೈಬಿಡುವ ಅಧಿಕಾರ ಸಹ ಪೈಲಟ್‌ಗೆ ಇದೆಯೇ ಇಲ್ಲವೇ ಎಂಬ ಬಗ್ಗೆ ಸೂಚನೆಗಳಲ್ಲಿ ಸ್ಪಷ್ಟತೆ ಇರಲಿಲ್ಲ. ಬಹುಶಃ ಆ ಕಾರಣಕ್ಕೇ ಅವರು ಬಾಯಲ್ಲಿ ಹೇಳುತ್ತಾ ಹೋದರೇ ಹೊರತು ವಿಮಾನದ ಹಿಡಿತವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ.

ನಾಯಕತ್ವ ಮತ್ತು ತಂಡದ ಬಗ್ಗೆ ಆಡುವ ಬಹುಪಾಲು ಮಾತು ಈ ಮೂರು ಕೂಗುಗಳ ಮುಂದೆ ಸೋಲುತ್ತದೆ. ಧೈರ್ಯವಾಗಿ ಮಾತಾಡಿ ಎಂದು ಕಿರಿಯರಿಗೆ ಬುದ್ಧಿ ಹೇಳುವುದು ಸುಲಭ. ಅಲ್ಲಿ ಕಿರಿಯರು ಮಾತಾಡಿದ್ದರು. ಆ ಮಾತಿಗೆ ಕೆಲಸ ನಿಲ್ಲಿಸುವ ಬಲವನ್ನು ಸಂಸ್ಥೆ ಮೊದಲೇ ಕೊಟ್ಟಿರಲಿಲ್ಲ. ಕೇಳುವ ಅಭ್ಯಾಸ ಹಿರಿಯರಲ್ಲಿ ಬೇರೂರಿರಲಿಲ್ಲ. ಯಾವುದೇ ಕೆಲಸದ ಜಾಗದಲ್ಲಿ ನಾಯಕರಾದವರ ಮೊದಲ ಹೊಣೆ ಈ ಎರಡನ್ನೂ ಕಟ್ಟಿಕೊಡುವುದು. ಗುರಿ, ಹುರುಪು, ಭಾಷಣ ಎಲ್ಲ ಆಮೇಲೆ. ಇದು ಹುಟ್ಟಿನಿಂದ ಬರುವ ಗುಣವಲ್ಲ, ಕಲಿಸಿ ಕಲಿಯಬಹುದಾದ ಕೆಲಸ. ಇದನ್ನು ಕಲಿತ ಉದ್ಯಮಗಳ ಚರಿತ್ರೆ ಕಣ್ಣ ಮುಂದೆಯೇ ಇದೆ.

ವಿಮಾನಯಾನವನ್ನೇ ನೋಡಬಹುದು. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಕೆಎಲ್ಎಂ ಮತ್ತು ಪ್ಯಾನ್ ಆಮ್ ಸಂಸ್ಥೆಗಳ ಎರಡು ಜಂಬೋ ಜೆಟ್‌ಗಳು ಮಂಜಿನಲ್ಲಿ ಡಿಕ್ಕಿ ಹೊಡೆದು 583 ಮಂದಿ ಸತ್ತರು. ಕೆಎಲ್ಎಂ ವಿಮಾನ ನಡೆಸುತ್ತಿದ್ದವರು ಆ ಸಂಸ್ಥೆಯ ಅತಿ ಹಿರಿಯ ತರಬೇತುದಾರರಲ್ಲಿ ಒಬ್ಬರು. ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಎಂದು ಫ್ಲೈಟ್ ಎಂಜಿನಿಯರ್ ಅನುಮಾನ ತೆಗೆದರು. ಕ್ಯಾಪ್ಟನ್ ಖಚಿತವಾಗಿ ತಳ್ಳಿಹಾಕಿದರು, ಅನುಮಾನ ಅಲ್ಲಿಗೇ ನಿಂತಿತು. ಮರುವರ್ಷ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಸಂಸ್ಥೆಯ ಡಿಸಿ-8 ವಿಮಾನ ಇಂಧನ ಮುಗಿದು ಬಿತ್ತು. ಚಕ್ರದ ದೋಷವೊಂದರಲ್ಲಿ ಮುಳುಗಿದ್ದ ಕ್ಯಾಪ್ಟನ್ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತು ಹಾಕಿದರು. ಇಂಧನ ಇಳಿಯುತ್ತಿರುವುದು ಪಕ್ಕದವರಿಗೆ ಗೊತ್ತಿತ್ತು. ಅದನ್ನು ಅವರು ಮೆಲ್ಲಗೆ, ಸುತ್ತಿ ಬಳಸಿ ಹೇಳಿದರು. ಹತ್ತು ಜನ ಸತ್ತರು.

ಈ ಅಪಘಾತಗಳ ನಂತರ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಸಂಸ್ಥೆ ತನ್ನ ಪೈಲಟ್‌ಗಳಿಗೆ ಹೊಸ ಬಗೆಯ ತರಬೇತಿ ಶುರು ಮಾಡಿತು. ಮುಂದೆ ಜಗತ್ತಿನ ವಿಮಾನಯಾನ ಸಂಸ್ಥೆಗಳೆಲ್ಲ ಅಳವಡಿಸಿಕೊಂಡ ‘ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್’ ಹುಟ್ಟಿದ್ದು ಹೀಗೆ. ವಿನಯವಾಗಿರಿ ಎಂಬ ಉಪದೇಶದ ಮಟ್ಟದಲ್ಲಿ ಅದು ನಿಲ್ಲಲಿಲ್ಲ. ಹೆದರಿಕೆಯಾದಾಗ ಯಾವ ಕ್ರಮದಲ್ಲಿ, ಎಷ್ಟು ನೇರವಾಗಿ ಹೇಳಬೇಕು ಎಂಬುದನ್ನು ಕಿರಿಯರಿಗೆ ಸಿಮ್ಯುಲೇಟರ್‌ನಲ್ಲಿ ಕೂರಿಸಿ ಮತ್ತೆ ಮತ್ತೆ ಅಭ್ಯಾಸ ಮಾಡಿಸಿತು. ಕೇಳಿಸಿಕೊಳ್ಳುವ, ಕೇಳಿ ತೀರ್ಮಾನ ಬದಲಿಸುವ ಅಭ್ಯಾಸವನ್ನು ಕ್ಯಾಪ್ಟನ್‌ಗಳಿಗೆ ಕಲಿಸಿತು. ಎರಡು ಬಾರಿ ಎಚ್ಚರಿಸಿದರೂ ಉತ್ತರ ಬಾರದಿದ್ದರೆ ಎದುರಿನವರು ಆ ಹೊತ್ತಿಗೆ ಅಶಕ್ತರಾಗಿದ್ದಾರೆ ಎಂದು ತಿಳಿದು ನಿಯಂತ್ರಣ ವಹಿಸಿಕೊಳ್ಳಬೇಕು ಎಂಬ ನಿಯಮ ಹಲವು ಸಂಸ್ಥೆಗಳಲ್ಲಿ ಬಂತು. ಹಿರಿಯರನ್ನು ಮೀರುವುದು ಕಿರಿಯರ ಸ್ವಂತ ಧೈರ್ಯದ ವಿಷಯವಾಗಿ ಉಳಿಯದೆ ಅವರ ಕರ್ತವ್ಯವೇ ಆಯಿತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹಿರಿಯರಿಗೆ ಎದುರಾಡುವುದು ಪಶ್ಚಿಮದವರಿಗೆ ಒಗ್ಗಬಹುದು, ತಲೆಬಾಗುವುದನ್ನೇ ಸಂಸ್ಕಾರವೆಂದು ಕಲಿಸುವ ಏಷ್ಯಾದ ಸಮಾಜಗಳಿಗೆ ಹೊಂದುವುದಿಲ್ಲ ಎಂಬುದು ಆ ವಾದ. ಕೊರಿಯನ್ ಏರ್ ಇದಕ್ಕೆ ಉತ್ತರ ಕೊಟ್ಟಿದೆ. ಹಿರಿತನದ ಗೌರವ ಮಾತಿನ ವ್ಯಾಕರಣದಲ್ಲೇ ಬೆರೆತಿರುವ ದೇಶ ಅದು. 1997ರ ಆಗಸ್ಟ್ 6ರಂದು ಆ ಸಂಸ್ಥೆಯ ವಿಮಾನ ಗುವಾಮ್ ದ್ವೀಪದ ಗುಡ್ಡಕ್ಕೆ ಬಡಿದು 228 ಮಂದಿ ಸತ್ತಾಗ, ಕ್ಯಾಪ್ಟನ್‌ರ ತಪ್ಪನ್ನು ಜೊತೆಯವರು ಸರಿಯಾಗಿ ಗಮನಿಸಿ ತಡೆಯಲಿಲ್ಲ ಎಂದು ಅಮೆರಿಕದ ತನಿಖಾ ಮಂಡಳಿ ಹೇಳಿತು. 1999ರ ಡಿಸೆಂಬರ್‌ನಲ್ಲಿ ಲಂಡನ್ ಸಮೀಪ ಅದೇ ಸಂಸ್ಥೆಯ ಸರಕು ವಿಮಾನವೊಂದು ಬಿತ್ತು. ಆ ಬಳಿಕ ಸಂಸ್ಥೆ ಅಮೆರಿಕದ ಡೆಲ್ಟಾ ಕಂಪನಿಯಲ್ಲಿ ದುಡಿದ ಪರಿಣತರನ್ನು ಕರೆಸಿ ತರಬೇತಿ, ಬಡ್ತಿ, ಕಾಕ್‌ಪಿಟ್ಟಿನ ಮಾತುಕತೆ ಎಲ್ಲವನ್ನೂ ಹೊಸದಾಗಿ ಕಟ್ಟಿತು. ಅಲ್ಲಿಂದ ಮುಂದೆ ಆ ಸಂಸ್ಥೆಯ ವಿಮಾನಗಳಲ್ಲಿ ಪ್ರಾಣಹಾನಿಯ ಅಪಘಾತ ನಡೆದಿಲ್ಲ. ದೇಶ, ಜನ, ಊಟ, ಹಬ್ಬ ಒಂದೂ ಬದಲಾಗಲಿಲ್ಲ. ಬದಲಾದದ್ದು ಕೆಲಸದ ಕ್ರಮ.

ಹಿರಿಯರಿಗೆ ಗೌರವ ಕೊಡುವುದು ಬೇರೆ, ಅವರ ತಪ್ಪಿಗೆ ಹೂಂಗುಟ್ಟುವುದು ಬೇರೆ. ಕನ್ನಡದ ಕಚೇರಿಗಳಲ್ಲಿ ಇವೆರಡೂ ಎಷ್ಟೋ ಸಲ ಒಂದೇ ಆಗಿಬಿಡುತ್ತವೆ. ‘ಸಾರ್’ ಎಂಬ ಮಾತು ಹಾಗೆಯೇ ಉಳಿಯಲಿ. ಅದರ ಹಿಂದೆ ‘ಬೇಡ’ ಎಂಬ ಮಾತೂ ನಿಲ್ಲುವಂತಾದರೆ ಸಾಕು.

ಇದಕ್ಕೆ ಹೊರದೇಶದ ಉದಾಹರಣೆಯೇ ಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದುಕೊಂಡೇ ಇಸ್ರೋ ಅಧ್ಯಕ್ಷರಾದ ಸತೀಶ್ ಧವನ್ ಅವರ ಕತೆ ದೇಶಕ್ಕೆಲ್ಲ ಗೊತ್ತು. ವಿಕ್ರಮ್ ಸಾರಾಭಾಯಿ ತೀರಿಕೊಂಡ ಮೇಲೆ 1972ರಲ್ಲಿ ಹೊಣೆ ಹೊರುವಾಗ, ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು, ತಾವು ವಿಜ್ಞಾನ ಸಂಸ್ಥೆಯನ್ನು ಬಿಡುವುದಿಲ್ಲ ಎಂದು ಅವರು ಷರತ್ತು ಹಾಕಿದ್ದರು. 1979ರ ಆಗಸ್ಟ್ 10ರಂದು ಎ.ಪಿ.ಜೆ. ಅಬ್ದುಲ್ ಕಲಾಂ ಯೋಜನಾ ನಿರ್ದೇಶಕರಾಗಿದ್ದ ಎಸ್‌ಎಲ್‌ವಿ-3 ರಾಕೆಟ್ ಶ್ರೀಹರಿಕೋಟಾದಿಂದ ಏರಿ ಬಂಗಾಳ ಕೊಲ್ಲಿಗೆ ಬಿತ್ತು. ಪತ್ರಕರ್ತರ ಎದುರು ಧವನ್ ತಾವೇ ಕುಳಿತು ಸೋಲಿನ ಹೊಣೆ ಹೊತ್ತರು. 1980ರ ಜುಲೈ 18ರಂದು ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಪತ್ರಿಕಾಗೋಷ್ಠಿಗೆ ಕಲಾಂ ಅವರನ್ನು ಕಳಿಸಿದರು. ಕಲಾಂ ಇದನ್ನು ಜೀವಮಾನವಿಡೀ ಹೇಳುತ್ತಾ ಬಂದರು.

ಸೋಲು ತನಗೆ, ಗೆಲುವು ತಂಡಕ್ಕೆ ಎಂಬ ನೀತಿಪಾಠವಾಗಿ ಈ ಪ್ರಸಂಗ ಶಾಲಾ ಭಾಷಣಗಳಲ್ಲಿ ಸುತ್ತುತ್ತಿದೆ. ಅದು ನಿಜವೇ. ಆದರೆ ಎರಡು ಪತ್ರಿಕಾಗೋಷ್ಠಿಗಳ ನಡುವಿನ ಹನ್ನೊಂದು ತಿಂಗಳಲ್ಲಿ ನಡೆದದ್ದು ಅದಕ್ಕಿಂತ ದೊಡ್ಡದು. ಮೊದಲ ಉಡಾವಣೆಗೆ ಕೆಲವೇ ನಿಮಿಷಗಳಿರುವಾಗ ಕಂಪ್ಯೂಟರ್ ತಡೆ ಹಾಕಿತ್ತು. ಜೊತೆಯ ತಜ್ಞರ ಸಲಹೆ ಕೇಳಿ ಕಲಾಂ ಆ ತಡೆಯನ್ನು ದಾಟಿ ಮುಂದುವರಿದಿದ್ದರು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ನೈಟ್ರಿಕ್ ಆಮ್ಲ ಸೋರಿಹೋಗಿದ್ದು ಆಮೇಲೆ ಹೊರಬಿತ್ತು. ಬೇರೆ ಕಚೇರಿಯಾಗಿದ್ದರೆ, ಎಚ್ಚರಿಕೆ ಕಂಡೂ ಮುಂದುವರಿದವರ ತಲೆದಂಡವಾಗುತ್ತಿತ್ತು. ಧವನ್ ಯಾರ ತಲೆಯನ್ನೂ ಕೇಳಲಿಲ್ಲ. ತಂಡವನ್ನು ಹಾಗೆಯೇ ಉಳಿಸಿ, ಸೋರಿಕೆಯ ಬೆನ್ನು ಹತ್ತಿಸಿದರು. ತಲೆ ಉಳಿಯುತ್ತದೆ ಎಂದು ಗೊತ್ತಿರುವ ಎಂಜಿನಿಯರ್ ಮಾತ್ರ ತನ್ನ ಕವಾಟವೇ ಕೆಟ್ಟಿತ್ತು ಎಂದು ಮೇಜಿನ ಮೇಲೆ ಸಾಕ್ಷ್ಯ ಇಡಬಲ್ಲ. ಉಳಿದವರು ಪಕ್ಕದ ವಿಭಾಗದತ್ತ ಬೆರಳು ತೋರಿಸುತ್ತಾರೆ.

ಈ ಪದ್ಧತಿ ಒಬ್ಬ ವ್ಯಕ್ತಿಯ ಜೊತೆ ಮುಗಿಯಲಿಲ್ಲ ಎಂಬುದೇ ಅದರ ಗಟ್ಟಿತನ. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಅಧ್ಯಕ್ಷರಾಗಿದ್ದಾಗ ಎಎಸ್‌ಎಲ್‌ವಿ ರಾಕೆಟ್ 1987ರ ಮಾರ್ಚ್‌ನಲ್ಲಿ ಬಿತ್ತು, 1988ರ ಜುಲೈಯಲ್ಲಿ ಮತ್ತೆ ಬಿತ್ತು, 1992ರ ಮೇ ತಿಂಗಳಲ್ಲಿ ಏರಿತು. ಪಿಎಸ್‌ಎಲ್‌ವಿಯ ಮೊದಲ ಹಾರಾಟವೂ 1993ರ ಸೆಪ್ಟೆಂಬರ್‌ನಲ್ಲಿ ಸೋತು ಮರುವರ್ಷ ಗೆದ್ದಿತು. ಪ್ರತಿ ಸೋಲಿಗೂ ಒಂದು ವೈಫಲ್ಯ ವಿಶ್ಲೇಷಣಾ ಸಮಿತಿ, ಪ್ರತಿ ಸಮಿತಿಯ ಕೊನೆಗೆ ಬದಲಾಯಿಸಬೇಕಾದ ಭಾಗಗಳ ಪಟ್ಟಿ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನಿಗೆ ಅಪ್ಪಳಿಸಿದ ಮೇಲೂ ಹೀಗೆಯೇ ಆಯಿತು. ಮುಂದಿನ ಲ್ಯಾಂಡರನ್ನು ಏನೇನು ಕೆಡಬಹುದು ಎಂಬ ಪ್ರಶ್ನೆಯಿಂದ ಶುರು ಮಾಡಿ ರೂಪಿಸಿದ್ದಾಗಿ, ಅದು ಹಾರುವ ಹೊತ್ತಿಗೆ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಹೇಳಿದರು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಿತು. ಇಳಿಯುವ ಜಾಗ ಅರ್ಧ ಕಿಲೋಮೀಟರ್ ಚೌಕದಿಂದ ಸುಮಾರು 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲಕ್ಕೆ ಹಿಗ್ಗಿತು. 2023ರ ಆಗಸ್ಟ್ 23ರಂದು ಆ ಲ್ಯಾಂಡರ್ ಚಂದ್ರನ ಮೇಲೆ ಇಳಿದಾಗ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಚಪ್ಪಾಳೆ ಕೇಳಿತು. ಅರ್ಧ ಶತಮಾನದ ಹಿಂದೆ ಇದೇ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ರಾವ್ ಅವರ ಎಳೆಯ ತಂಡ ಆರ್ಯಭಟ ಉಪಗ್ರಹವನ್ನು ಕಟ್ಟಿತ್ತು. ಚಂದ್ರಯಾನ-2ರ ವೈಫಲ್ಯ ವರದಿಯನ್ನು ಇಸ್ರೋ ಸಾರ್ವಜನಿಕರ ಮುಂದಿಟ್ಟಿಲ್ಲ ಎಂಬ ಕೊರಗು ನ್ಯಾಯವಾದದ್ದೇ. ಸಂಸ್ಥೆಯೊಳಗಿನ ಮುಕ್ತತೆ ಹೊರಗಿನವರೆಗೂ ಬರಬೇಕು.

ಸೋಲನ್ನು ಮುಚ್ಚಿಡದ ತಂಡ ಹೊರಗಿನವರ ಕಣ್ಣಿಗೆ ಹೇಗೆ ಕಾಣುತ್ತದೆ? ಮೊದಲ ನೋಟಕ್ಕೆ ಕೆಟ್ಟ ತಂಡದಂತೆಯೇ ಕಾಣುತ್ತದೆ. 1990ರ ದಶಕದಲ್ಲಿ ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಎರಡು ಆಸ್ಪತ್ರೆಗಳ ಎಂಟು ವಿಭಾಗಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಮುಖ್ಯಸ್ಥೆ, ಒಗ್ಗಟ್ಟಿನ ನರ್ಸ್‌ಗಳಿರುವ ವಿಭಾಗದಲ್ಲಿ ತಪ್ಪು ಕಡಿಮೆಯಿರುತ್ತದೆ ಎಂಬುದು ಅವರ ಊಹೆ. ಅಂಕಿ ಬಂದಾಗ ತಿರುಗುಮುರುಗಾಗಿತ್ತು, ಒಳ್ಳೆಯ ವಿಭಾಗಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಬೆದಕಿ ನೋಡಿದಾಗ ಕಾರಣ ಸಿಕ್ಕಿತು. ಅಲ್ಲಿಯ ನರ್ಸ್‌ಗಳು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದೆಡೆ ಹೆದರಿ ನುಂಗಿಕೊಳ್ಳುತ್ತಿದ್ದರು. ಹಲವು ವರ್ಷಗಳ ನಂತರ ಗೂಗಲ್ ತನ್ನ ಸುಮಾರು 180 ತಂಡಗಳನ್ನು ಪರೀಕ್ಷಿಸಿತು. ತಂಡದಲ್ಲಿ ಯಾರು ಯಾರಿದ್ದಾರೆ, ಎಷ್ಟು ಜಾಣರು ಎಂಬುದಕ್ಕಿಂತ, ಬಾಯಿಬಿಟ್ಟರೆ ಅವಮಾನವಾಗದು ಎಂಬ ಭರವಸೆ ಅವರಲ್ಲಿದೆಯೇ ಎಂಬುದೇ ಮೊದಲ ಸ್ಥಾನಕ್ಕೆ ಬಂತು.

ದೂರುಗಳ ಪುಸ್ತಕ ಖಾಲಿಯಿರುವ ಕಚೇರಿಯನ್ನು ಹೊಗಳುವ ಅಧಿಕಾರಿಗಳು ಇದನ್ನು ಗಮನಿಸಬೇಕು. ಶೂನ್ಯ ತಪ್ಪು, ಶೂನ್ಯ ದೂರು ಎಂಬ ವರದಿ ಬಂದರೆ ಎರಡರಲ್ಲಿ ಒಂದು ನಿಜ. ಅಲ್ಲಿ ಕೆಲಸವೇ ನಡೆಯುತ್ತಿಲ್ಲ, ಇಲ್ಲವೇ ಸುದ್ದಿ ಮೇಲೆ ಬರುತ್ತಿಲ್ಲ.

ಇಷ್ಟೆಲ್ಲ ಮೆದುವಾದರೆ ಶಿಸ್ತು ಹೇಗೆ ಉಳಿದೀತು ಎಂದು ಕೆಲಸ ಮಾಡಿಸಿ ಅನುಭವವಿರುವವರು ಕೇಳುತ್ತಾರೆ. ಅವರ ಪ್ರಶ್ನೆಯಲ್ಲಿ ಹುರುಳಿದೆ. ಬಿಗಿ ಇಲ್ಲದ ಸಲಿಗೆ ತಂಡವನ್ನು ಕೆಡಿಸುತ್ತದೆ. ಇದಕ್ಕೆ ಉತ್ತರ ಜಗತ್ತಿನ ಅತ್ಯಂತ ಬಿಗಿಯಾದ ಕೆಲಸದ ಜಾಗಗಳಲ್ಲೊಂದಾದ ಟೊಯೊಟಾದ ಕಾರ್ಖಾನೆಯಲ್ಲಿ ಸಿಗುತ್ತದೆ. ಅಲ್ಲಿ ಪ್ರತಿ ಕೆಲಸಕ್ಕೂ ಸೆಕೆಂಡುಗಳ ಲೆಕ್ಕವಿದೆ. ಅಲ್ಲಿಯೇ ತಲೆಯ ಮೇಲೆ ಒಂದು ಹಗ್ಗವೂ ತೂಗುತ್ತದೆ. ತೊಂದರೆ ಕಂಡ ಯಾವ ಕಾರ್ಮಿಕನಾದರೂ ಅದನ್ನು ಎಳೆಯಬಹುದು. ಎಳೆದ ಕೂಡಲೇ ತಂಡದ ಮುಂದಾಳು ಓಡಿ ಬರುತ್ತಾರೆ. ನಿಗದಿತ ಹೊತ್ತಿನೊಳಗೆ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ.

ಈ ಹಗ್ಗದ ಶಕ್ತಿ ಪರೀಕ್ಷೆಗೊಳಗಾದದ್ದು ಕ್ಯಾಲಿಫೋರ್ನಿಯಾದ ಫ್ರೆಮಾಂಟ್‌ನಲ್ಲಿ. ಜನರಲ್ ಮೋಟಾರ್ಸ್‌ನ ಆ ಕಾರ್ಖಾನೆ ಗೈರುಹಾಜರಿಗೂ ಜಗಳಕ್ಕೂ ಕುಖ್ಯಾತವಾಗಿತ್ತು, 1982ರಲ್ಲಿ ಬಾಗಿಲು ಹಾಕಿತು. 1984ರಲ್ಲಿ ಟೊಯೊಟಾ ಅದೇ ಕಂಪನಿಯ ಪಾಲುದಾರಿಕೆಯಲ್ಲಿ ಮತ್ತೆ ತೆರೆದಾಗ ಕೆಲಸಕ್ಕೆ ಸೇರಿದವರಲ್ಲಿ ಹೆಚ್ಚಿನವರು ಹಳೆಯ ಕಾರ್ಮಿಕರೇ, ಸಂಘವೂ ಹಳೆಯದೇ. ಅವರಲ್ಲಿ ಹಲವರನ್ನು ಜಪಾನಿಗೆ ಕಳಿಸಿ ತರಬೇತಿ ಕೊಡಿಸಿದರು, ಹಗ್ಗವನ್ನು ಕಾರ್ಮಿಕರ ಕೈಗೆ ಕೊಟ್ಟರು. ಶೇಕಡಾ 20ರಷ್ಟಿದ್ದ ಗೈರುಹಾಜರಿ ಶೇಕಡಾ 2ಕ್ಕೆ ಇಳಿಯಿತು. ಸ್ವಲ್ಪ ಕಾಲದಲ್ಲೇ ಅಲ್ಲಿಯ ಕಾರುಗಳ ಗುಣಮಟ್ಟ ಜಪಾನಿನ ಕಾರುಗಳ ಹತ್ತಿರ ಬಂತು. ಮೇಲಿನವರು ಯಾರನ್ನು ಸೋಮಾರಿಗಳೆಂದು ಬಯ್ಯುತ್ತಿದ್ದರೋ ಅವರೇ ಈ ಕಾರುಗಳನ್ನು ಮಾಡಿದರು.

ಜನರಲ್ ಮೋಟಾರ್ಸ್ ಇದನ್ನು ಕಂಡು ತನ್ನ ಬೇರೆ ಕಾರ್ಖಾನೆಯಲ್ಲೂ ಹಗ್ಗ ಕಟ್ಟಿಸಿತು. ಎಳೆದವರ ಮೇಲೆ ಮೇಲಧಿಕಾರಿಗಳು ಕಣ್ಣು ಕೆಂಪಾಗಿಸಿದರು, ಹಗ್ಗ ಸುಮ್ಮನೆ ತೂಗಾಡುತ್ತಾ ಉಳಿಯಿತು. ಟೊಯೊಟಾದ ಹೆಸರಿದ್ದ ಮಾತ್ರಕ್ಕೆ ಎಲ್ಲೆಡೆ ಸೌಹಾರ್ದ ಬರುವುದೂ ಇಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 2014ರಲ್ಲೊಮ್ಮೆ, 2020ರಲ್ಲೊಮ್ಮೆ ಕಾರ್ಮಿಕ ವಿವಾದದಿಂದ ಲಾಕೌಟ್ ಕಂಡಿತು. ಸಡಿಲಾದ ಬೋಲ್ಟ್ ಬಗ್ಗೆ ಕೂಗಲು ದಾರಿ ಮಾಡಿಕೊಟ್ಟರೆ ಸಾಲದು. ಸಂಬಳ, ಕೆಲಸದ ವೇಗ, ಅಮಾನತಿನಂಥ ವಿಷಯಗಳಲ್ಲಿಯೂ ಮಾತಿಗೆ ದಾರಿ ತೆರೆದಿರಬೇಕು. ಒಂದು ಬಾಗಿಲು ತೆರೆದು ಇನ್ನೊಂದನ್ನು ಮುಚ್ಚಿದ ಕಡೆ ನಂಬಿಕೆ ಬೆಳೆಯದು.

ವಿಧಿಯನ್ನು ತಂದು ಅರ್ಥವನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಶಸ್ತ್ರಚಿಕಿತ್ಸೆಯ ಕೊಠಡಿ ಇನ್ನೊಂದು ಸಾಕ್ಷಿ. ವಿಶ್ವ ಆರೋಗ್ಯ ಸಂಸ್ಥೆ ಹತ್ತೊಂಬತ್ತು ಅಂಶಗಳ ಸುರಕ್ಷತಾ ಪಟ್ಟಿಯೊಂದನ್ನು ರೂಪಿಸಿತು. ಚರ್ಮ ಕೊಯ್ಯುವ ಮೊದಲು ಕೊಠಡಿಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಪಾತ್ರ ಹೇಳಬೇಕು, ರೋಗಿ ಯಾರು, ಯಾವ ಅಂಗ ಎಂದು ಗಟ್ಟಿಯಾಗಿ ಖಚಿತಪಡಿಸಬೇಕು. ಹೊಸದಿಲ್ಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿ ಸೇರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ, ದೊಡ್ಡ ತೊಡಕುಗಳು ಶೇಕಡಾ 11ರಿಂದ 7ಕ್ಕೆ ಇಳಿದಿದ್ದವು. ಐದು ವರ್ಷಗಳ ನಂತರ ಕೆನಡಾದ ಒಂಟಾರಿಯೊ ಪ್ರಾಂತದ 101 ಆಸ್ಪತ್ರೆಗಳ ಲೆಕ್ಕ ಬಂತು. ಆದೇಶದ ಮೂಲಕ ಇಂಥ ಪಟ್ಟಿ ಎಲ್ಲೆಡೆ ಜಾರಿಯಾಗಿತ್ತು, ಪಾಲನೆಯಾಗಿದೆ ಎಂಬ ಗುರುತೂ ಬಿದ್ದಿತ್ತು, ಸಾವು ಮತ್ತು ತೊಡಕುಗಳಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಹೆಸರು ಹೇಳಿಕೊಂಡ ನರ್ಸ್ ಆಮೇಲೆ ಅನುಮಾನ ಬಂದಾಗಲೂ ಬಾಯಿ ತೆರೆಯುತ್ತಾಳೆ ಎಂಬುದೇ ಆ ಪಟ್ಟಿಯ ಆಶಯ. ಸುತ್ತೋಲೆಗೆ ಟಿಕ್ ಹಾಕುವ ಕೆಲಸವಾದಾಗ ಆ ಆಶಯ ಸೋರಿಹೋಗುತ್ತದೆ. ಸುತ್ತೋಲೆಗಳಲ್ಲೇ ಸುಧಾರಣೆ ತರಲು ಹೊರಡುವ ಸರ್ಕಾರಿ ಇಲಾಖೆಗಳಿಗೆ ಒಂಟಾರಿಯೊದ ಈ ಫಲಿತಾಂಶ ಎಚ್ಚರಿಕೆಯಾಗಬೇಕು.

ಹಾಗಾದರೆ ಇಂಥ ನಾಯಕರು ಎಲ್ಲಿಂದ ಬರುತ್ತಾರೆ? ಈಗಿನ ಬಡ್ತಿಯ ದಾರಿಯಲ್ಲಿ ಅವರು ಬರುವುದು ಅಪರೂಪ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಚೆನ್ನಾಗಿ ಕೋಡ್ ಬರೆಯುವ ಹುಡುಗಿ ಒಂದು ಬೆಳಗ್ಗೆ ಟೀಮ್ ಲೀಡ್ ಆಗುತ್ತಾಳೆ. ಸರ್ಕಾರಿ ಕಚೇರಿಯಲ್ಲಿ ಜ್ಯೇಷ್ಠತಾ ಪಟ್ಟಿಯಲ್ಲಿ ಮೇಲಿರುವವರು ಮುಖ್ಯಸ್ಥರಾಗುತ್ತಾರೆ. ಆ ದಿನದಿಂದ ಅವರ ಕೆಲಸದ ಸ್ವರೂಪವೇ ಬೇರೆ. ತಾವು ಮಾಡುತ್ತಿದ್ದುದನ್ನು ಈಗ ಬೇರೆಯವರಿಂದ ಮಾಡಿಸಬೇಕು, ಕೆಟ್ಟ ಸುದ್ದಿಗೆ ಕಿವಿಗೊಡಬೇಕು, ಇಬ್ಬರ ಮನಸ್ತಾಪ ಬಿಡಿಸಬೇಕು. ಇದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ. ಅಮೆರಿಕದ ಮೂವರು ಅರ್ಥಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಮಾರಾಟ ಸಿಬ್ಬಂದಿಯ ಬಡ್ತಿಗಳನ್ನು ಪರಿಶೀಲಿಸಿತು. ಅತಿ ಹೆಚ್ಚು ಮಾರಿದವರಿಗೇ ಬಡ್ತಿ ಸಿಗುತ್ತಿತ್ತು. ಮ್ಯಾನೇಜರ್‌ಗಳಾದ ಮೇಲೆ ಅವರ ಕೈಕೆಳಗಿನವರ ಮಾರಾಟ ಇತರರದಕ್ಕಿಂತ ಕೆಳಗಿತ್ತು. ಒಬ್ಬ ಒಳ್ಳೆಯ ಕೆಲಸಗಾರರನ್ನು ಕಳೆದುಕೊಂಡು, ಒಬ್ಬ ಸಾಧಾರಣ ಮುಖ್ಯಸ್ಥರನ್ನು ಪಡೆಯುವ ವ್ಯವಹಾರ ಇದು. ಕೋಡ್ ಬರೆಯುವುದರಲ್ಲೇ, ರೋಗಿಯನ್ನು ನೋಡುವುದರಲ್ಲೇ, ಪಾಠ ಹೇಳುವುದರಲ್ಲೇ ಮೇಲೇರುವ ಬೇರೊಂದು ಏಣಿ, ಅದಕ್ಕೆ ತಕ್ಕ ಸಂಬಳ ಇಟ್ಟರೆ, ಮನಸ್ಸಿಲ್ಲದವರು ಬರೀ ಸಂಬಳಕ್ಕಾಗಿ ತಂಡದ ಚುಕ್ಕಾಣಿ ಹಿಡಿಯುವ ಅನಿವಾರ್ಯತೆ ತಪ್ಪುತ್ತದೆ.

ತಂಡದ ಗಾತ್ರ ಮತ್ತು ಬಾಳಿಕೆಯೂ ನಾಯಕರ ಕೈಯಲ್ಲಿರುವ ಸಲಕರಣೆಗಳು. ಐದು ಜನರಿದ್ದರೆ ಇಬ್ಬಿಬ್ಬರ ನಡುವಿನ ನಂಟು ಹತ್ತು. ಹತ್ತು ಜನರಾದರೆ 45, ಇಪ್ಪತ್ತಾದರೆ 190. ಜನ ಇಮ್ಮಡಿಯಾದಾಗ ಹೇಳಿ ಕೇಳಿ ಹೊಂದಿಸಿಕೊಳ್ಳುವ ಕೆಲಸ ನಾಲ್ಕು ಪಟ್ಟಿಗೂ ಮೀರಿ ಬೆಳೆಯುತ್ತದೆ. ಐಬಿಎಂನ ದೊಡ್ಡ ಸಾಫ್ಟ್‌ವೇರ್ ಯೋಜನೆಯೊಂದನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿಯೇ ಇದನ್ನು ಬರೆದಿಟ್ಟರು. ತಡವಾದ ಯೋಜನೆಗೆ ಕೊನೆಯ ಗಳಿಗೆಯಲ್ಲಿ ಆಳು ತುಂಬಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬುದು ಅವರ ಅನುಭವ. ಆದರೂ ಗಡುವು ಹತ್ತಿರ ಬಂದಾಗ ಬೇರೆ ಯೋಜನೆಯಿಂದ ನಾಲ್ಕು ಜನರನ್ನು ಎಳೆದು ತರುವ ಪದ್ಧತಿ ಐಟಿ ಕಂಪನಿಗಳಲ್ಲಿ ನಿಂತಿಲ್ಲ.

ಬಾಳಿಕೆಯ ವಿಷಯದಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1994ರಲ್ಲಿ ಕೊಟ್ಟ ಲೆಕ್ಕ ಕಣ್ಣು ತೆರೆಸುವಂಥದು. ಸಿಬ್ಬಂದಿಯ ತಪ್ಪಿನಿಂದಾದ ದೊಡ್ಡ ವಿಮಾನ ಅಪಘಾತಗಳ ಪೈಕಿ ಮಾಹಿತಿ ಸಿಕ್ಕವುಗಳಲ್ಲಿ ಶೇಕಡಾ 73ರಷ್ಟು ಆ ಸಿಬ್ಬಂದಿ ಜೊತೆಗೂಡಿದ ಮೊದಲ ದಿನವೇ ನಡೆದಿದ್ದವು, ಶೇಕಡಾ 44ರಷ್ಟು ಮೊದಲ ಹಾರಾಟದಲ್ಲೇ. ಒಬ್ಬೊಬ್ಬರೂ ನುರಿತವರೇ, ಒಟ್ಟಿಗೆ ಮಾತ್ರ ಹೊಸಬರು. ಒಬ್ಬರ ಮೌನಕ್ಕೆ ಏನರ್ಥ, ಇನ್ನೊಬ್ಬರ ‘ಪರವಾಗಿಲ್ಲ’ಕ್ಕೆ ಏನರ್ಥ ಎಂದು ತಿಳಿಯಲು ಕಾಲ ಬೇಕು. ವರ್ಷಕ್ಕೆರಡು ಸಲ ವರ್ಗಾವಣೆಯಾಗುವ ತಹಸೀಲ್ದಾರರಿಂದಲೋ ತಾಲ್ಲೂಕು ಆಸ್ಪತ್ರೆಯ ವೈದ್ಯರಿಂದಲೋ ತಂಡ ಕಟ್ಟುವ ನಿರೀಕ್ಷೆ ಇಟ್ಟುಕೊಳ್ಳುವ ಸರ್ಕಾರ ಈ ಅಂಕಿಯನ್ನು ಎದುರಿಗಿಟ್ಟುಕೊಳ್ಳಬೇಕು. ವರ್ಷಕ್ಕೊಮ್ಮೆ ನಗರದಾಚೆಯ ರೆಸಾರ್ಟಿಗೆ ಕರೆದೊಯ್ದು ಹಗ್ಗಜಗ್ಗಾಟ ಆಡಿಸುವ ಕಂಪನಿಗಳಿಗೂ ಇದು ಅನ್ವಯಿಸುತ್ತದೆ. ಆ ದಿನದ ನಲಿವು ಒಳ್ಳೆಯದೇ. ತಂಡ ಗಟ್ಟಿಯಾಗುವುದು ಮಾತ್ರ ನಿತ್ಯದ ಕೆಲಸವನ್ನು ಅದೇ ಜನ ಒಟ್ಟಿಗೆ ಮಾಡಿ, ಒಟ್ಟಿಗೆ ತಪ್ಪಿ, ಒಟ್ಟಿಗೆ ತಿದ್ದಿಕೊಂಡಾಗ.

ವಿದ್ಯುತ್ ಇಲಾಖೆಯಲ್ಲಿ ಒಂದು ಪದ್ಧತಿಯಿದೆ. ಪವರ್‌ಮ್ಯಾನ್ ಕಂಬ ಹತ್ತುವ ಮೊದಲು ಲೈನ್ ಕ್ಲಿಯರ್, ಅಂದರೆ ಎಲ್‌ಸಿ, ಪಡೆಯಬೇಕು. ಆ ಮಾರ್ಗದಲ್ಲಿ ವಿದ್ಯುತ್ ಕಡಿತವಾಗಿದೆ ಎಂದು ಖಚಿತವಾಗಬೇಕು. ಈ ನಿಯಮದ ಪರೀಕ್ಷೆಯಾಗುವುದು ಮಳೆಗಾಲದ ರಾತ್ರಿ, ಊರೆಲ್ಲ ಕತ್ತಲಾಗಿ, ಮೇಲಿನಿಂದ ಫೋನಿನ ಮೇಲೆ ಫೋನು ಬರುವಾಗ. ಎಲ್‌ಸಿ ಸಿಗುವವರೆಗೆ ಹತ್ತುವುದಿಲ್ಲ ಎಂದು ಪವರ್‌ಮ್ಯಾನ್ ಆ ಹೊತ್ತಿನಲ್ಲಿ ಹೇಳಬಲ್ಲನೇ? ಹೇಳಿದ ಮೇಲೆ ಸೆಕ್ಷನ್ ಆಫೀಸರ್ ಅವನ ಬೆನ್ನಿಗೆ ನಿಲ್ಲುತ್ತಾರೆಯೇ? ನಿಯಮದ ಪುಸ್ತಕದಲ್ಲಿರುವ ಹಕ್ಕು ಕಂಬದ ಬುಡದವರೆಗೆ ತಲುಪುವುದು ಆ ಅಧಿಕಾರಿಯ ನಿತ್ಯದ ನಡವಳಿಕೆಯಿಂದ. ಹಿಂದೊಮ್ಮೆ ಬೇಡ ಎಂದವನಿಗೆ ಏನಾಯಿತು ಎಂಬುದನ್ನು ಇಡೀ ಸಿಬ್ಬಂದಿ ನೆನಪಿಟ್ಟುಕೊಂಡಿರುತ್ತದೆ.

ಇದನ್ನು ಬೆಳೆಸಲು ಬೇಕಾದ ಅಭ್ಯಾಸಗಳು ಸಣ್ಣವು, ಪಟ್ಟು ಹಿಡಿದು ಮಾಡಬೇಕಾದವು. ಸಭೆಯಲ್ಲಿ ಮುಖ್ಯಸ್ಥರು ಮೊದಲು ತಮ್ಮ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರು ಅದಕ್ಕೇ ತಾಳ ಹಾಕುತ್ತಾರೆ. ಆದ್ದರಿಂದ ಅತಿ ಕಿರಿಯರಿಂದ ಶುರು ಮಾಡಿ ಮುಖ್ಯಸ್ಥರು ಕೊನೆಗೆ ಮಾತಾಡಬೇಕು. ‘ಎಲ್ಲ ಸರಿಯಿದೆಯಾ?’ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ಮಾತ್ರ ಬರುತ್ತದೆ. ‘ಇದರಲ್ಲಿ ಎಲ್ಲಿ ಎಡವಬಹುದು?’ ಎಂದು ಕೇಳಿದರೆ ಜನ ಯೋಚಿಸಿ ಹೇಳುತ್ತಾರೆ. ಕೆಟ್ಟ ಸುದ್ದಿ ತಂದವರಿಗೆ ಮೊದಲು ಧನ್ಯವಾದ ಹೇಳಿ, ಆಮೇಲೆ ಕಾರಣಕ್ಕೆ ಇಳಿಯಬೇಕು. ಕೆಲಸ ಮುಗಿದಾಗ, ಗೆದ್ದಿರಲಿ ಸೋತಿರಲಿ, ಅರ್ಧ ಗಂಟೆ ಕುಳಿತು ಏನಾಯಿತು ಎಂದು ಮಾತಾಡಬೇಕು. ಕೆಲಸವನ್ನು ಯಾರು, ಯಾವ ಸಂದರ್ಭದಲ್ಲಿ ನಿಲ್ಲಿಸಬಹುದು ಎಂಬುದು ಅನುಮಾನಕ್ಕೆ ಎಡೆಯಿಲ್ಲದಂತೆ ಬರಹದಲ್ಲಿರಬೇಕು. ಬೇಕೆಂದೇ ನಿಯಮ ಮುರಿದವರನ್ನೂ ಕೆಲಸ ಮಾಡುವಾಗ ತಪ್ಪಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲನೆಯವರಿಗೆ ಶಿಕ್ಷೆ, ಎರಡನೆಯವರಿಗೆ ರಕ್ಷಣೆ. ಈ ಗೆರೆ ಮಸುಕಾದರೆ ಶಿಸ್ತೂ ಇಲ್ಲ, ನಂಬಿಕೆಯೂ ಇಲ್ಲ.

ಈ ಅಭ್ಯಾಸಗಳು ಮುಖ್ಯಸ್ಥರ ಒಳ್ಳೆಯತನವನ್ನೇ ನೆಚ್ಚಿಕೊಂಡರೆ ಅವರ ವರ್ಗಾವಣೆಯ ದಿನ ಕೊನೆಗೊಳ್ಳುತ್ತವೆ. ಹೀಗಾಗಿ ಸಂಸ್ಥೆಗಳು ಅಳೆಯುವುದನ್ನೇ ಬದಲಿಸಬೇಕು. ಇಂದು ಮುಖ್ಯಸ್ಥರ ಕೆಲಸದ ಮೌಲ್ಯಮಾಪನವನ್ನು ಅವರಿಗಿಂತ ಮೇಲಿರುವವರು ಬರೆಯುತ್ತಾರೆ. ಕೆಳಗಿನಿಂದ ಮೇಲೆ ಹೋಗದ ಸುದ್ದಿ ಸಹಜವಾಗಿಯೇ ಆ ಮೌಲ್ಯಮಾಪನದಲ್ಲಿ ಕಾಣುವುದಿಲ್ಲ. ಕೈಕೆಳಗೆ ದುಡಿಯುವವರಿಗೂ ಹೆಸರು ಗುಟ್ಟಾಗಿಟ್ಟು ಎರಡು ಪ್ರಶ್ನೆ ಕೇಳಬೇಕು: ಕಳೆದ ವರ್ಷ ಇವರಿಗೆ ನೀವು ಹೇಳಿದ ಕೆಟ್ಟ ಸುದ್ದಿ ಯಾವುದು, ಹೇಳಿದ ಮೇಲೆ ಏನಾಯಿತು? ಈ ಉತ್ತರಗಳು ಬಡ್ತಿಯ ಕಡತದಲ್ಲಿ ಗುರಿಸಾಧನೆಯ ಅಂಕಿಗಳಷ್ಟೇ ತೂಕ ಪಡೆಯಬೇಕು. ಇನ್ಫೋಸಿಸ್, ವಿಪ್ರೋಗಳಂಥ ಕಂಪನಿಗಳು ಬೆಳೆದ, ಇಸ್ರೋದ ಕೇಂದ್ರ ಕಚೇರಿಯಿರುವ ರಾಜ್ಯದಲ್ಲಿ ಇದನ್ನು ಮೊದಲು ಮಾಡಿ ತೋರಿಸಲು ಬೇಕಾದ ಜನರೂ ಅನುಭವವೂ ಇವೆ. ರಾಜ್ಯದ ಸಾರಿಗೆ ನಿಗಮಗಳು, ವಿದ್ಯುತ್ ಕಂಪನಿಗಳು, ಜಿಲ್ಲಾ ಆಸ್ಪತ್ರೆಗಳು ತಪ್ಪಿಗೆ ಜೀವವೇ ಬೆಲೆಯಾಗುವ ಜಾಗಗಳು. ಈ ಕೆಲಸ ಅಲ್ಲಿಂದ ಶುರುವಾಗಬೇಕು, ಅದಕ್ಕೆ ಬೇಕಾದ ತರಬೇತಿ ಮುಖ್ಯಸ್ಥರ ಹುದ್ದೆ ಕೈಗೆ ಬರುವ ಮೊದಲೇ ಮುಗಿದಿರಬೇಕು.